ಏಕಚಕ್ರಪುರದ ಪಿಂಚಣಿ ಸಾಲು

ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಕೈವಾರದ ಯೋಗಿನಾರೇಯಣ ಮಠದ ಊಟದ ಮನೆ ಮುಂದೆ ಎರಡು ಬಗೆಯ ಜನ ಸೇರುತ್ತಾರೆ. ಒಂದು, ಬೆಂಗಳೂರು ಹೊಸಕೋಟೆ ಕಡೆಯಿಂದ ಕಾರು ಟೆಂಪೊಗಳಲ್ಲಿ ಬಂದವರು. ಅಮರನಾರಾಯಣಸ್ವಾಮಿಗೆ ಕೈಮುಗಿದು, ಬೆಟ್ಟದ ಗುಹೆ ನೋಡಿ, ಮಕ್ಕಳನ್ನು ತಪೋವನದಲ್ಲಿ ಆಡಿಸಿ, ಹಸಿದು ಬಂದಿರುತ್ತಾರೆ. ಇನ್ನೊಂದು, ಸುತ್ತಲ ಹಳ್ಳಿಗಳ ಮುದುಕ ಮುದುಕಿಯರು. ಇವರು ದರ್ಶನಕ್ಕೆ ಬಂದವರಲ್ಲ. ಕಂಕುಳಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಗಂಡನ ಮರಣ ಪತ್ರ. ಹೋಬಳಿ ಕೇಂದ್ರಕ್ಕೆ ಕೆಲಸದ ಮೇಲೆ ಬಂದಿದ್ದಾರೆ. ಬೆಳಗ್ಗೆ ಆಗದ ಕೆಲಸ ಮಧ್ಯಾಹ್ನದ ಮೇಲೆ ಆಗಬಹುದು ಎಂದು ಯಾರೋ ಹೇಳಿದ್ದಾರೆ. ಅಲ್ಲಿಯತನಕ ಹೊಟ್ಟೆಗೆ ಏನಾದರೂ ಬೇಕಲ್ಲ. ಸರ್ಕಾರದ ಬಾಗಿಲು ಕಾಯುವವರಿಗೆ ಊಟ ಮಠದ್ದು!

ಸಾಲು ಮುಂದಕ್ಕೆ ಜರುಗುವಾಗ ಮಾತೂ ಜರುಗುತ್ತದೆ. ಒಬ್ಬಾಕೆ ಹಿಂದಿನವಳ ಕಡೆ ತಿರುಗಿ, "ಏನಕ್ಕಾ, ಬಿತ್ತಾ ದುಡ್ಡು?" ಅನ್ನುತ್ತಾಳೆ.

"ಯಾವ್ದು? ಗೃಹಲಕ್ಷ್ಮಿದಾ, ಪಿಂಚಿಣಿದಾ?"

"ಎರಡ್ರಲ್ಲಿ ಯಾವ್ದಾದ್ರೂ."

"ಲಕ್ಷ್ಮಿದು ಸೊಸೆ ಅಕೌಂಟ್‌ಗೆ ಹೋಗ್ತೈತೆ, ಅದ್ರ ಮಾತು ಬಿಡು. ಪಿಂಚಿಣಿ ಯುಗಾದಿಗೆ ನಿಂತಿದ್ದು, ಇನ್ನೂ ಬಂದಿಲ್ಲ. ನಮ್ಮೂರ ಮೆಂಬರು ಹೇಳ್ದ, ಆಧಾರ್ ಲಿಂಕ್ ಬಿಟ್ಟೋಗೈತಂತೆ."

ಲಿಂಕು ಬಿಟ್ಟುಹೋಗುವುದು ಎಂದರೇನು ಎಂದು ಇಬ್ಬರೂ ಕೇಳಲಿಲ್ಲ. ಗೂಟದಿಂದ ಹಸು ಬಿಡಿಸಿಕೊಂಡು ಹೋದಂತೆ ಯಾವುದೋ ಹಗ್ಗ ಎಲ್ಲೋ ಕಳಚಿದೆ, ಅಷ್ಟು ಅವರಿಗೆ ಅರ್ಥವಾಗಿದೆ. ಕಟ್ಟುವವರು ಯಾರು ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿಕೊಂಡು ಪಂಚಾಯಿತಿಗೆ ಹೋದರೆ ನಾಡಕಚೇರಿಗೆ ಹೋಗಿ ಎನ್ನುತ್ತಾರೆ. ನಾಡಕಚೇರಿಯಲ್ಲಿ ಬ್ಯಾಂಕಿನಲ್ಲಿ ಕೇಳಿ ಎನ್ನುತ್ತಾರೆ. ಬ್ಯಾಂಕಿನಲ್ಲಿ, ನಮ್ಮ ಕಡೆ ಎಲ್ಲಾ ಸರಿಯಾಗಿದೆ, ಖಜಾನೆಯಿಂದ ಬಂದಿಲ್ಲ ಎನ್ನುತ್ತಾರೆ. ಮೂವರು ಹೇಳಿದ್ದೂ ನಿಜವೇ ಇರಬಹುದು, ಅದೇ ಇದರ ಚೋದ್ಯ.

ಹಳ್ಳಿಯವರ ಕಣ್ಣಿಗೆ ಸರ್ಕಾರವೆಂದರೆ ಪಂಚಾಯಿತಿ. ನೀರು ಬಿಡುವವನು, ಬೀದಿ ದೀಪ ಹಾಕುವವನು, ಮನೆ ಕಂದಾಯಕ್ಕೆ ಬರುವ ಬಿಲ್ ಕಲೆಕ್ಟರು, ಮುದ್ರೆ ಒತ್ತುವ ಪಿಡಿಒ, ಎಲ್ಲರೂ ಅಲ್ಲೇ. ಆದ್ದರಿಂದ ಪಿಂಚಣಿ ಕೊಡುವುದೂ ಪಂಚಾಯಿತಿ ಎಂದೇ ನಂಬಿಕೆ, ನಿಂತರೆ ಬೈಗುಳವೂ ಪಂಚಾಯಿತಿಗೇ. ನಿಜಕ್ಕೆ ಬಂದರೆ ಸಂಧ್ಯಾ ಸುರಕ್ಷೆ, ವಿಧವಾ ವೇತನ, ಅಂಗವಿಕಲರ ಮಾಸಾಶನ ಮೂರೂ ಕಂದಾಯ ಇಲಾಖೆಯವು. ಅರ್ಜಿ ಹಾಕುವುದು ಹೋಬಳಿಯ ನಾಡಕಚೇರಿಯಲ್ಲಿ. ಸ್ಥಳ ತನಿಖೆ ಮಾಡುವವರು ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಕರೆಸಿಕೊಳ್ಳುವ ಹಳೆಯ ಗ್ರಾಮ ಲೆಕ್ಕಿಗರು; ಎಂಬತ್ತು ದಾಟಿದವರ ಬಾಯಲ್ಲಿ ಅವರಿನ್ನೂ ಶಾನುಭೋಗರೇ. ಆಮೇಲೆ ರೆವಿನ್ಯೂ ಇನ್ಸ್‌ಪೆಕ್ಟರು, ಉಪ ತಹಶೀಲ್ದಾರರು. ಅಲ್ಲಿಂದಾಚೆ ಬೆಂಗಳೂರು, ಖಜಾನೆ, ಆಧಾರ್ ಜೋಡಿಸಿದ ಖಾತೆ. ಈ ಹಾದಿಯಲ್ಲಿ ಎಲ್ಲೂ ಗ್ರಾಮ ಪಂಚಾಯಿತಿಯ ಸಹಿ ಬೇಕಿಲ್ಲ. ಪಂಚಾಯಿತಿಯಲ್ಲಿ ಇಂಥದ್ದನ್ನು ವಿಚಾರಿಸುವುದೇ ಕೆಲಸವಾಗಿರುವ, ಅದಕ್ಕೇ ಓದಿ ಬಂದ ನೌಕರ ಒಬ್ಬನೂ ಇಲ್ಲ. ಚರಂಡಿಗೆ ಎಂಜಿನಿಯರ್ ಇದ್ದಾನೆ, ಲೆಕ್ಕಕ್ಕೆ ಲೆಕ್ಕ ಸಹಾಯಕ ಇದ್ದಾನೆ, ನಲ್ಲಿಗೆ ನೀರಗಂಟಿ ಇದ್ದಾನೆ.

ಇದು ಕೈವಾರಕ್ಕೆ ಮಾತ್ರ ಅಂಟಿದ ದೋಷವಲ್ಲ. ರಾಜ್ಯದ ಯಾವ ಹೋಬಳಿಯಲ್ಲಿ ನಿಂತು ನೋಡಿದರೂ ಇದೇ ನಕ್ಷೆ. ಕೈವಾರದಲ್ಲಿ ಮಠದ ಊಟದ ಸಾಲು ಪಕ್ಕದಲ್ಲೇ ಇರುವುದರಿಂದ ಕಣ್ಣಿಗೆ ಬೇಗ ಬೀಳುತ್ತದೆ. ಒಂದು ಸಾಲಿನಲ್ಲಿ ನಿಂತವರನ್ನು ಹಸಿವಾಗಿದೆಯೇ ಎಂದು ಕೂಡ ಕೇಳದೆ ಎಲೆ ಹಾಕುತ್ತಾರೆ. ಇನ್ನೊಂದರಲ್ಲಿ ವರಮಾನ ವರ್ಷಕ್ಕೆ 32 ಸಾವಿರದ ಒಳಗಿದೆ ಎಂದು ಕಾಗದದಲ್ಲಿ ತೋರಿಸಬೇಕು. ಹಾಗೆಂದು ಮಠವೇ ಮೇಲು ಎಂದು ತೀರ್ಪು ಕೊಡುವುದು ನನ್ನಿಂದಾಗದು. ಅನ್ನದಾನ ದೊಡ್ಡದು, ಆದರೆ ಅದು ದಾನ. ನಾಳೆ ನಿಂತರೆ ಕೇಳುವ ಹಕ್ಕಿಲ್ಲ. ಪಿಂಚಣಿ ಹಕ್ಕು. ಆ ಹಕ್ಕನ್ನು ಕೇಳುವಾಗಿನ ಮುಖದಲ್ಲಿ ದಾನ ಬೇಡುವವರ ದೈನ್ಯ ಯಾಕಿದೆ ಎಂಬುದು ನನ್ನನ್ನು ಕಾಡುವ ಸಂಗತಿ.

ಹಕ್ಕಿನ ಗಾತ್ರವನ್ನೂ ಹೇಳಿಬಿಡೋಣ. ಸಂಧ್ಯಾ ಸುರಕ್ಷೆ 2007ರಲ್ಲಿ ಶುರುವಾಯಿತು, 65 ದಾಟಿದ ಸಣ್ಣ ರೈತರು, ಕೂಲಿಕಾರರು, ನೇಕಾರರಂಥವರಿಗೆ. ಆಗ ತಿಂಗಳಿಗೆ 400 ರೂಪಾಯಿ. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ದಿನವೇ ಅದನ್ನು 1,000ದಿಂದ 1,200ಕ್ಕೆ, ವಿಧವಾ ವೇತನವನ್ನು 600ರಿಂದ 800ಕ್ಕೆ ಏರಿಸಿದರು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಗಿ ಮನೆಯ ಯಜಮಾನಿಗೆ 2,000 ಬರತೊಡಗಿತು. ಕೇಂದ್ರ ಸರ್ಕಾರದ ವೃದ್ಧಾಪ್ಯ ಪಿಂಚಣಿಯಲ್ಲಿ ದೆಹಲಿಯ ಪಾಲು 60 ದಾಟಿದವರಿಗೆ ತಲೆಗೆ 200, 80 ದಾಟಿದವರಿಗೆ 500. ಹದಿನೈದು ವರ್ಷಕ್ಕೂ ಮೇಲಾಯಿತು, ಆ ಇನ್ನೂರು ಅಲ್ಲಾಡಿಲ್ಲ. ಬೇಳೆ ಎಷ್ಟಿತ್ತು ಆಗ, ಈಗ ಎಷ್ಟಿದೆ ಎಂದು ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಸಾಲಿನಲ್ಲಿದ್ದವರು ಹಾಕುವ ಲೆಕ್ಕ ಬೇರೆ. ಚಿಂತಾಮಣಿ ತಾಲ್ಲೂಕಿಗೆ ಆಂಧ್ರದ ಗಡಿ ತಗುಲಿಕೊಂಡಿದೆ. ಮನೆ ಮಾತು ತೆಲುಗು, ಬೀದಿ ಮಾತು ಕನ್ನಡವಾಗಿರುವ ಮನೆಗಳೇ ಇಲ್ಲಿ ಬಹಳ. ಇಲ್ಲಿಯವರು ತಾತಯ್ಯ ಎನ್ನುವ ಯೋಗಿನಾರೇಯಣರೂ ಎರಡು ಭಾಷೆಯಲ್ಲಿ ಹಾಡಿದವರು. ಹೆಣ್ಣು ಕೊಟ್ಟು ತಂದ ಸಂಬಂಧಗಳು ಮದನಪಲ್ಲಿ ಕಡೆಗೂ ಹಬ್ಬಿವೆ. ಅಲ್ಲಿ 2024ರ ಜುಲೈನಿಂದ ಮುದುಕರ ಪಿಂಚಣಿ 4,000, ಅಂಗವಿಕಲರಿಗೆ 6,000. ಮೊತ್ತಕ್ಕಿಂತ ಹೆಚ್ಚಾಗಿ ಇಲ್ಲಿಯವರು ಬಾಯಿ ಚಪ್ಪರಿಸುವುದು ಕೊಡುವ ರೀತಿಗೆ. ತಿಂಗಳ ಒಂದನೇ ತಾರೀಕು ಬೆಳಗ್ಗೆ ಗ್ರಾಮ ಸಚಿವಾಲಯದ ನೌಕರ ಮನೆಗೇ ಬಂದು ನೋಟು ಎಣಿಸಿ ಕೊಡುತ್ತಾನೆ.

"ನಮ್ ತಂಗಿ ಅಲ್ಲವ್ಳೆ. ಹಾಸಿಗೆಯಿಂದ ಎದ್ದು ಕೂತ್ರೆ ಸಾಕು, ದುಡ್ಡು ಕೈಗೆ ಬರ್ತದೆ" ಎಂದಳು ಸಾಲಿನಲ್ಲಿದ್ದ ಎಲೆ ಅಡಿಕೆ ಚೀಲದವಳೊಬ್ಬಳು. "ನಾನು ಇಲ್ಲಿ ಎದ್ದು ಓಡಾಡಿದ್ರೂ ಬರಲ್ಲ."

ಆ ರಾಜ್ಯದ ಖಜಾನೆಯ ಸ್ಥಿತಿ, ಅಲ್ಲಿನ ಪಕ್ಷಗಳು ಪಿಂಚಣಿಯನ್ನು ಓಟಿಗೆ ಕಟ್ಟಿದ ಬಗೆ, ಇದೆಲ್ಲ ಚರ್ಚೆಗೆ ಇರುವುದೇ. ಆದರೆ ಹಿಂದಿನ ಸರ್ಕಾರ 2019ರಲ್ಲಿ ಐವತ್ತು ಮನೆಗೊಬ್ಬ ಸ್ವಯಂಸೇವಕನನ್ನು ಇಟ್ಟು, ಈಗಿನ ಸರ್ಕಾರ ಅವರನ್ನು ಬಿಟ್ಟು ನೌಕರರ ಕೈಲೇ ಕೊಡಿಸಿ, ಎರಡೂ ಕಾಲದಲ್ಲಿ ಒಂದು ಕೆಲಸ ತಪ್ಪಲಿಲ್ಲ: ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಆ ಮನೆಯ ಬಾಗಿಲಿಗೆ ಬಂದು ಮುದುಕಿಯ ಮುಖ ನೋಡುತ್ತಾನೆ. ನಮ್ಮಲ್ಲಿ ಮೊದಲು ಪೋಸ್ಟ್‌ಮ್ಯಾನ್ ಬರುತ್ತಿದ್ದ. ಮನಿಯಾರ್ಡರ್ ಹಣದಲ್ಲಿ ಹತ್ತೋ ಇಪ್ಪತ್ತೋ ಕಾಫಿಗೆಂದು ಹಿಡಿದುಕೊಳ್ಳುತ್ತಿದ್ದ ಎಂಬ ದೂರು ಹಳ್ಳಿಗಳಲ್ಲಿ ಇತ್ತು. ಅದನ್ನು ತಪ್ಪಿಸಲು ಹಣ ನೇರ ಖಾತೆಗೆ ಹೋಯಿತು. ಒಳ್ಳೆಯದೇ ಆಯಿತು. ಆದರೆ ಸೋರಿಕೆಯ ಜತೆಗೆ ಬಾಗಿಲಿಗೆ ಬರುವ ಆ ಒಬ್ಬ ಮನುಷ್ಯನೂ ತಪ್ಪಿಹೋದ.

ಅವನ ಜಾಗಕ್ಕೆ ಬಂದದ್ದು ಬೆರಳಚ್ಚಿನ ಯಂತ್ರ. ಹೋಬಳಿಯ ಒಂದು ಹಳ್ಳಿಯಲ್ಲಿ ದಿನಸಿ ಅಂಗಡಿಯ ಮೂಲೆಯಲ್ಲಿ ಬ್ಯಾಂಕ್ ಮಿತ್ರನ ಮೇಜು ಇತ್ತು. ಮೇಜಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಡಬ್ಬಿ, ಅದರ ನಡುವೆ ಕೆಂಪು ಬೆಳಕು. ಪಿಂಚಣಿ ಕೇಳಲು ಬಂದ ಅಜ್ಜಿಯೊಬ್ಬರು ಹೆಬ್ಬೆಟ್ಟು ಇಟ್ಟರು. ಡಬ್ಬಿ ಕೀಂ ಎಂದಿತು. "ಒತ್ತಬೇಡಿ ಅಜ್ಜಿ, ಸುಮ್ನೆ ಇಡಿ" ಎಂದ ಮೇಜಿನ ಹುಡುಗ. ಮತ್ತೆ ಕೀಂ. ಅಜ್ಜಿ ಸೆರಗಿನ ತುದಿಯಿಂದ ಬೆರಳು ಒರೆಸಿಕೊಂಡರು, ಬಾಯಿಯ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟರು, ಇಟ್ಟರು. ಆಗಲಿಲ್ಲ. ಹುಡುಗ ಡ್ರಾಯರಿನಿಂದ ವ್ಯಾಸಲೀನ್ ಡಬ್ಬಿ ತೆಗೆದು ಒಂದು ಚೂರು ಸವರಿದ. ಬಲಗೈ ಐದು ಬೆರಳೂ ಮುಗಿದವು. ಎಡಗೈಗೆ ಬಂದರು. ಆ ಕೈಗಳನ್ನು ನೋಡಿದರೆ ಯಂತ್ರದ ಮೇಲೆ ಸಿಟ್ಟು ಮಾಡಿಕೊಳ್ಳಲಾಗದು. ವಯಸ್ಸಿನಲ್ಲಿ ಶಿಡ್ಲಘಟ್ಟದ ಕಡೆ ಫಿಲೇಚರ್‌ನಲ್ಲಿ ಕುದಿನೀರಿಗೆ ಕೈ ಅದ್ದಿ ಗೂಡಿನ ಎಳೆ ಹಿಡಿದ ಬೆರಳುಗಳು. ಆಮೇಲೆ ಹಿಪ್ಪುನೇರಳೆ ಸೊಪ್ಪು ಕೊಯ್ದವು, ಟೊಮೆಟೊ ಕ್ರೇಟು ಹೊತ್ತವು. ಗೆರೆಗಳೆಲ್ಲ ರೇಷ್ಮೆಗೇ ಹೋಗಿವೆ. ಎಡಗೈ ಉಂಗುರ ಬೆರಳಿಗೆ ಡಬ್ಬಿ ಒಪ್ಪಿತು. ಖಾತೆಯಲ್ಲಿ 214 ರೂಪಾಯಿ ಇತ್ತು. ಪಿಂಚಣಿ ಬಿದ್ದಿರಲಿಲ್ಲ.

"ಎರಡ್ ದಿನ ಬಿಟ್ಟು ಬನ್ನಿ ಅಜ್ಜಿ, ಸೋಮ್ವಾರ ಮೇಲೆ ಹಾಕ್ತಾರಂತೆ" ಎಂದ ಹುಡುಗ. ಅವನಿಗೂ ಗೊತ್ತಿಲ್ಲ. ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಒಂದು ದಿನ ಹೇಳಿದ, ಅಷ್ಟೆ.

ವಯಸ್ಸಿನದೂ ಒಂದು ತಮಾಷೆ ಇದೆ. ಈ ಭಾಗದ ಮುದುಕರಲ್ಲಿ ಅರ್ಧದಷ್ಟು ಜನ ಜನವರಿ 1ರಂದು ಹುಟ್ಟಿದವರು. ಆಧಾರ್ ಮಾಡಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಕಂಪ್ಯೂಟರು ಹಾಕಿಕೊಟ್ಟ ತಾರೀಕು ಅದು. ಬರಗಾಲದ ವರ್ಷ, ಕೆರೆ ಕೋಡಿ ಬಿದ್ದ ವರ್ಷ, ಇಂಥವರ ಮದುವೆಯ ವರ್ಷ ಎಂದು ಎಣಿಸಿಕೊಂಡು ಬಂದವರಿಗೆ ಆಗ ಕ್ಯಾಂಪಿನ ಹುಡುಗ ಮುಖ ನೋಡಿ ಒಂದು ಇಸವಿ ಅಂದಾಜು ಮಾಡಿದ್ದ. ಅವನ ಅಂದಾಜು ನಾಲ್ಕು ವರ್ಷ ಕಡಿಮೆಯಾಗಿದ್ದರೆ ಪಿಂಚಣಿಯೂ ನಾಲ್ಕು ವರ್ಷ ತಡ. ಮೊಮ್ಮಕ್ಕಳಿಗೆ ಮದುವೆಯಾದ ಮೇಲೂ ಕಾಗದದ ಮೇಲೆ ಐವತ್ತೊಂಬತ್ತರಲ್ಲೇ ನಿಂತವರನ್ನು ಇಲ್ಲಿ ಕಾಣಬಹುದು.

ಕೈವಾರಕ್ಕೆ ಏಕಚಕ್ರಪುರ ಎಂಬ ಪುರಾಣದ ಹೆಸರಿದೆ. ಭೀಮ ಬಕಾಸುರನನ್ನು ಕೊಂದ ಊರು ಇದೇ ಎಂದು ಇಲ್ಲಿಯವರ ನಂಬಿಕೆ. ಭೀಮಲಿಂಗೇಶ್ವರನ ಗುಡಿ ಇದೆ, ಅಸುರನನ್ನು ಕೆಡವಿದ ಬೆಟ್ಟವನ್ನೂ ತೋರಿಸುತ್ತಾರೆ. ಕತೆಯನ್ನು ಎಲ್ಲರೂ ಭೀಮ ಬಂಡಿ ಅನ್ನ ತಿನ್ನುವ ಕಡೆಯಿಂದ ಹೇಳುತ್ತಾರೆ. ಅದರ ಮೊದಲಿನ ಭಾಗ ನನಗೆ ಹೆಚ್ಚು ಹಿಡಿಸುತ್ತದೆ. ಊರಿನವರು ಬಕನ ಜತೆ ಒಪ್ಪಂದ ಮಾಡಿಕೊಂಡಿದ್ದರು, ಮನೆಗೊಂದು ಸರದಿ. ಪಟ್ಟಿ ಇತ್ತು, ತಕರಾರಿಲ್ಲದೆ ನಡೆಯುತ್ತಿತ್ತು. ಆಡಳಿತದ ದೃಷ್ಟಿಯಿಂದ ನೋಡಿದರೆ ಅಚ್ಚುಕಟ್ಟಾದ ವ್ಯವಸ್ಥೆಯೇ. ಕುಂತಿ ಆ ಊರಿಗೆ ಪರಸ್ಥಳದವಳು, ಬಾಡಿಗೆ ಮನೆಯವಳು ಅನ್ನಿ. ಪಕ್ಕದ ಕೋಣೆಯಲ್ಲಿ ಅಳು ಕೇಳಿತು. ಎದ್ದು ಹೋಗಿ ಯಾಕಮ್ಮಾ ಅಳುತ್ತೀರಿ ಎಂದು ಕೇಳಿದಳು. ಊರಿನವರಿಗೆ ಆ ಅಳು ಕೇಳಿರಲಿಲ್ಲವೇ? ಕೇಳಿರುತ್ತದೆ. ಇವತ್ತು ಆ ಮನೆಯ ಸರದಿ, ನಮ್ಮದಲ್ಲ, ಅಷ್ಟೇ. ಈಗಿನ ಫಲಾನುಭವಿ ಪಟ್ಟಿಗಳೂ ಬಹುಪಾಲು ಅಚ್ಚುಕಟ್ಟಾಗಿವೆ. ಪಟ್ಟಿಯಲ್ಲಿಲ್ಲದವರ ಮನೆಗೆ ಎದ್ದು ಹೋಗಿ ಕೇಳುವವರದೇ ಕೊರತೆ.

ಹಾಗೆ ಎದ್ದು ಹೋಗುವವರು ಒಬ್ಬರೂ ಇಲ್ಲ ಎಂದರೆ ಸುಳ್ಳಾದೀತು. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರಬೇಕು, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎಂದು ಕರೆಯುತ್ತಾರೆ. ಇವರೂ ಅಂಗವಿಕಲರೇ ಆಗಿರಬೇಕೆಂಬುದು ನಿಯಮ. ಸಂಬಳವಲ್ಲ, ಗೌರವಧನ. ಕರ್ನಾಟಕದ ಪಂಚಾಯಿತಿಯಲ್ಲಿ ಸಮಾಜಕಾರ್ಯ ಎಂದು ಬೆರಳಿಟ್ಟು ತೋರಿಸಬಹುದಾದ ಹುದ್ದೆ ಇದ್ದರೆ ಇದೊಂದೇ. ಅದೂ ಹುದ್ದೆಯಲ್ಲ.

ಈ ಸೀಮೆಯ ಅಂಥ ಒಬ್ಬ ಕಾರ್ಯಕರ್ತರ ಹಿಂದೆ ಒಂದು ಬೆಳಗ್ಗೆ ಓಡಾಡಿದೆ. ಎಡಗಾಲಿಗೆ ಪೋಲಿಯೊ, ಹಿಂಬದಿಗೆ ಎರಡು ಚಕ್ರ ಹೆಚ್ಚಿಗೆ ಜೋಡಿಸಿದ ಸ್ಕೂಟರು. ಮುಂದಿನ ಬುಟ್ಟಿಯಲ್ಲಿ ಫೈಲು, ಫೈಲಿನ ಮೇಲೆ ಮಳೆಗೆ ಹೊದಿಸಲು ಗೊಬ್ಬರದ ಚೀಲ. ಮೊದಲ ಮನೆಯಲ್ಲಿ ಇಪ್ಪತ್ತೆರಡರ ಹುಡುಗ, ಬುದ್ಧಿ ಬೆಳೆದಿಲ್ಲ, ಹಗಲೆಲ್ಲ ಹೊಸ್ತಿಲ ಮೇಲೆ ಕೂತು ದಾರಿಯ ವಾಹನ ಎಣಿಸುತ್ತಾನೆ. ಅವನ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಬಂದಿದೆ, ಶೇಕಡಾವಾರು ತಪ್ಪಾಗಿದೆ ಎಂದು ತಾಯಿಯ ಅಳಲು. ಶೇ 75 ದಾಟಿದರೆ ಮಾಸಾಶನ ಹೆಚ್ಚು, ಒಳಗಿದ್ದರೆ ಕಡಿಮೆ. ಮಗನ ಅರಿವನ್ನು ಯಾವ ಅಳತೆಗೋಲಿನಲ್ಲಿ ಶೇ 70ಕ್ಕೆ ನಿಲ್ಲಿಸಿದರು ಎಂಬುದು ಆಕೆಗೆ ಬಗೆಹರಿದಿಲ್ಲ. "ಜಿಲ್ಲಾಸ್ಪತ್ರೆ ಬೋರ್ಡ್ ಮುಂದೆ ಇನ್ನೊಂದ್ ಸಲ ಹೋಗ್ಬೇಕಮ್ಮ, ನಾನೂ ಬರ್ತೀನಿ" ಎಂದರು ಇವರು. ಆಸ್ಪತ್ರೆ ಇರುವುದು ಚಿಕ್ಕಬಳ್ಳಾಪುರದಲ್ಲಿ. ಹುಡುಗ ಬಸ್ಸಿನಲ್ಲಿ ಕೂರುವುದಿಲ್ಲ, ಜನ ಕಂಡರೆ ಕಿರುಚುತ್ತಾನೆ. ಕಾರು ಮಾಡಿಕೊಂಡು ಹೋಗಿ ಬರುವ ಬಾಡಿಗೆಗೆ ಎರಡು ತಿಂಗಳ ಮಾಸಾಶನ ಸಾಲದು.

ಎರಡನೆಯ ಮನೆಯಲ್ಲಿ ಬೆನ್ನು ಬಾಗಿದ ತಾತ. ಬೆಟ್ಟದ ಸಾಲಿನ ಈ ಜಿಲ್ಲೆಯಲ್ಲಿ ಕೊಳವೆಬಾವಿಗಳು ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್ ಏರಿತು. ಹಲ್ಲು ಹಳದಿಗಟ್ಟುವುದರಿಂದ ಶುರುವಾಗಿ ಕೀಲು ಬಿಗಿಯುವತನಕ ಅದರ ಕೆಲಸ. ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಬಾಗಿದ ಬೆನ್ನು ನೆಟ್ಟಗಾಗುವುದಿಲ್ಲ. 2016ರ ಅಂಗವಿಕಲರ ಕಾಯ್ದೆ ವೈಕಲ್ಯದ ಬಗೆಗಳನ್ನು ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿದ್ದರೂ ಈ ತಾತನಿಗೆ ಯಾವ ಕಾಲಂನಲ್ಲಿ ಟಿಕ್ ಹಾಕಬೇಕೆಂದು ಕಾರ್ಯಕರ್ತರು ತಲೆ ಕೆರೆದುಕೊಂಡರು. ತಾತ ನಕ್ಕರು. "ಮುದುಕ ಅಂತ ಹಾಕ್ಕೋ ಹೋಗಪ್ಪ."

ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಕೇಳಲು ಚೆಂದ. ಮನೆ ಕಂದಾಯ ವಸೂಲಾಗದ ಪಂಚಾಯಿತಿಯಲ್ಲಿ ಅದರ ಶೇ 5 ಎಂದರೆ ವರ್ಷಕ್ಕೆ ಒಂದೆರಡು ಗಾಲಿಕುರ್ಚಿ, ನಾಲ್ಕಾರು ಊರುಗೋಲು. ವಿತರಣೆಯ ದಿನ ಶಾಮಿಯಾನ, ಫೋಟೊ. ಗಾಲಿಕುರ್ಚಿ ಬಂದ ಮನೆಗಳಲ್ಲಿ ಎಷ್ಟು ಮನೆಯ ಹೊಸ್ತಿಲು ಅದನ್ನು ಒಳಗೆ ಬಿಡುತ್ತದೆ ಎಂದು ಈ ಕಾರ್ಯಕರ್ತರಿಗೆ ಬಾಯಿಪಾಠ ಇತ್ತು. ಒಂದು ಮನೆಯಲ್ಲಿ ಅದರ ಮೇಲೆ ಹಾಲಿನ ಕ್ಯಾನು ಇಟ್ಟಿದ್ದರು. ಬೈಯಲು ಹೋಗಲಿಲ್ಲ ಅವರು. "ಮಳೇಲಿ ಬಿಟ್ಟಿಲ್ವಲ್ಲ ಸಾರ್, ಒಳಗಾದ್ರೂ ಇಟ್ಟವ್ರೆ" ಎಂದರು.

ಕೆಲಸದ ಗುಣಮಟ್ಟ ಹೇಗಿದೆ ಎಂದು ಯಾರಾದರೂ ಕೇಳಿದರೆ ಈ ಮನುಷ್ಯನಿಗೆ ನೂರಕ್ಕೆ ತೊಂಬತ್ತು ಕೊಡುತ್ತೇನೆ. ಅವರನ್ನು ಇಟ್ಟುಕೊಂಡಿರುವ ವ್ಯವಸ್ಥೆಗೆ ಅಂಕ ಕೊಡುವುದು ಕಷ್ಟ. ಹತ್ತಾರು ಹಳ್ಳಿ, ನೂರಾರು ಅಂಗವಿಕಲರು, ಒಬ್ಬ ಕಾರ್ಯಕರ್ತ, ಪೆಟ್ರೋಲು ಅವರ ಕೈಯಿಂದಲೇ. ಗೌರವಧನವೂ ಪಿಂಚಣಿಯ ಹಾಗೆ ಕೆಲವು ತಿಂಗಳು ತಡವಾಗಿ ಬರುತ್ತದೆ. ಪಿಂಚಣಿ ನಿಂತವರಿಗೆ ಸಮಾಧಾನ ಹೇಳುವಾಗ ಅವರ ದನಿಯಲ್ಲಿ ಕೇಳುವ ಸಲಿಗೆಗೆ ಅದೂ ಕಾರಣ.

ಇನ್ನು ಅಂಗನವಾಡಿ. ಅದನ್ನು ನಡೆಸುವ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿಕೊಂಡದ್ದು ತಿರುಮಕೂಡಲು ನರಸೀಪುರವನ್ನು. ಐವತ್ತು ವರ್ಷ ಕಳೆದು ನೋಡಿದರೆ ಹಳ್ಳಿಯಲ್ಲಿ ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮಗು ತೂಕ ಬಿಟ್ಟಿದೆ, ಯಾವ ಹುಡುಗಿಗೆ ಹದಿನೆಂಟಾಗುವ ಮೊದಲೇ ಗುಟ್ಟಿನಲ್ಲಿ ಗಂಡು ನೋಡುತ್ತಿದ್ದಾರೆ ಎಂಬುದು ಗೊತ್ತಿರುವ ಒಂದೇ ಸರ್ಕಾರಿ ಮುಖ ಅಂಗನವಾಡಿ ಟೀಚರದು. 2017ರಲ್ಲಿ ಮಾತೃಪೂರ್ಣ ಬಂದು ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಊಟ ಸೇರಿತು. ಗೃಹಲಕ್ಷ್ಮಿ ಬಂದಾಗ ಅರ್ಜಿಯ ಗೊಂದಲವೂ ಇವರ ತಲೆಗೇ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆಯೋ ಸೊಸೆಯೋ ಎಂಬ ಜಗಳ ಮನೆಮನೆಯಲ್ಲೂ ಎದ್ದಾಗ, ಕಾಲು ಮಡಿಸಿ ಕೂತು ಇಬ್ಬರ ಮಾತೂ ಕೇಳಿ, ಕೊನೆಗೆ ಅತ್ತೆಗೆ ಒಂದಿಷ್ಟು ಸೊಸೆಗೆ ಒಂದಿಷ್ಟು ಎಂದು ಬಗೆಹರಿಸಿದ ಟೀಚರುಗಳು ಈ ಸೀಮೆಯಲ್ಲಿದ್ದಾರೆ. ಆ ಸಂಧಾನಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ. ಕಾಲಂ ಇರುವ ಕೆಲಸ ಬೇರೆ: ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ತೂಕ, ಎತ್ತರ ತುಂಬುವುದು, ತಾಯಂದಿರ ಮುಖ ಫೋನಿಗೆ ಹಿಡಿದು ಗುರುತು ಹಚ್ಚಿಸುವುದು. ದಿನಾ ನೋಡುವ ಮುಖವನ್ನು ಟೀಚರ್ ಗುರುತಿಸಿದರೆ ಸಾಲದು, ಫೋನು ಗುರುತಿಸಬೇಕು. 2023-24ರಲ್ಲಿ ರಾಜ್ಯದ 4,000 ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಸರ್ಕಾರ ಹೇಳಿತು, ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಹಸುಗೂಸುಗಳಿಗೆ. ಯೋಚನೆ ಬಹಳ ಸರಿಯಾದದ್ದು. ಟೊಮೆಟೊ ತೋಟದ ಬದುವಿನಲ್ಲಿ ಸೀರೆ ಜೋಲಿ ಕಟ್ಟಿರುವುದನ್ನು ಕಂಡವರು ಅದನ್ನು ಬೇಡವೆನ್ನಲಾರರು.

ಇಷ್ಟೆಲ್ಲ ಹೇಗೆ ನಡೆಯುತ್ತಿದೆ ಎಂದು ಲೆಕ್ಕ ಕೇಳುವ ಜಾಗ ಯಾವುದು? ಸ್ಕಾಟ್ಲೆಂಡಿನಲ್ಲಿ 1968ರ ಸಮಾಜಕಾರ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ಮುಖ್ಯ ಸಮಾಜಕಾರ್ಯ ಅಧಿಕಾರಿ ಇರಲೇಬೇಕು. ವರ್ಷಕ್ಕೊಮ್ಮೆ ಆ ಅಧಿಕಾರಿ ನಮ್ಮ ಊರಿನ ಮುದುಕರು, ಮಕ್ಕಳು, ಅಂಗವಿಕಲರ ವಿಷಯದಲ್ಲಿ ನಾವು ಇಂತಿಂಥದ್ದು ಮಾಡಿದೆವು, ಇಂತಿಂಥದ್ದು ಆಗಲಿಲ್ಲ ಎಂದು ವರದಿ ಬರೆಯುತ್ತಾರೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಪಂಚಾಯಿತಿಯ ಲೆಕ್ಕ, ಕೆಲಸ ತಪಾಸಣೆ ಮಾಡುವ ಜಮಾಬಂದಿ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಆಗಬೇಕು. ನಾನು ಕೂತು ನೋಡಿದ ಒಂದು ಜಮಾಬಂದಿಯಲ್ಲಿ ನೋಡಲ್ ಅಧಿಕಾರಿ ಬಲು ನಿಷ್ಠೆಯಿಂದ ಟೇಪು ಹಿಡಿಸಿ ಸಿಸಿ ಚರಂಡಿಯ ಅಗಲ ಅಳೆಸಿದರು, ಮೋಟಾರು ರಿಪೇರಿಯ ಬಿಲ್ಲಿಗೆ ಅಂಗಡಿಯ ಮುದ್ರೆ ಇದೆಯೇ ಎಂದು ನೋಡಿದರು, ಬ್ಲೀಚಿಂಗ್ ಪೌಡರಿನ ಚೀಲ ಎಣಿಸಿದರು. ಆ ಪಂಚಾಯಿತಿಯಲ್ಲಿ ಪಿಂಚಣಿ ನಿಂತವರೆಷ್ಟು ಎಂದು ಅವರು ಕೇಳಲಿಲ್ಲ. ಕೇಳುವಂತಿಲ್ಲ ಕೂಡ, ಅದು ಪಂಚಾಯಿತಿಯ ಖರ್ಚಲ್ಲವಲ್ಲ! ಹಿಂದಿನ ಸಾಲಿನಲ್ಲಿ ಚೀಲ ಹಿಡಿದು ಕೂತಿದ್ದ ಇಬ್ಬರು ಹೆಂಗಸರು ಚರಂಡಿಯ ಅಳತೆ ಮುಗಿಯುವತನಕ ಕೂತಿದ್ದು ಎದ್ದು ಹೋದರು.

ಪಂಚಾಯಿತಿಗಳಲ್ಲಿ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಎಂದು ಒಂದಿದೆ. ಪರಿಶಿಷ್ಟರ, ಹಿಂದುಳಿದವರ, ಹೆಣ್ಣುಮಕ್ಕಳ ಹಿತ ನೋಡಿಕೊಳ್ಳಲು ಕಾನೂನೇ ಮಾಡಿದ ಸಮಿತಿ. ಬಹಳ ಕಡೆ ಅದರ ಸಭೆ ನಡಾವಳಿ ಪುಸ್ತಕದಲ್ಲಿ ನಡೆಯುತ್ತದೆ. ಇದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅಂಥ ನೆನಪಿರುವ ತಾಲ್ಲೂಕಿನಲ್ಲಿ ಆ ಸಮಿತಿಯ ಪುಸ್ತಕ ಖಾಲಿ ಇರಬಾರದು. ದಲಿತ ಕಾಲೊನಿಯ ಮುದುಕಿಯೊಬ್ಬಳಿಗೆ ಕಚೇರಿಯ ಮೆಟ್ಟಿಲು ಉಳಿದವರಿಗಿಂತ ಎರಡು ಹೆಚ್ಚು. ಕಚೇರಿಗೆ ಹೋಗುವ ಬಸ್ಸಿನ ಖರ್ಚು 2023ರ ಜೂನ್‌ನಲ್ಲಿ ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ತಗ್ಗಿದೆ, ಅದೂ ಸರ್ಕಾರಿ ಬಸ್ಸು ಸಿಕ್ಕಿದರೆ. ಚಿಂತಾಮಣಿ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳದೇ ದರ್ಬಾರು, ಅಲ್ಲಿ ಟಿಕೆಟ್ಟಿಗೆ ದುಡ್ಡು ಬಿಚ್ಚಬೇಕು.

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. ಹೋಬಳಿ ಮಟ್ಟದಲ್ಲಿ ಪಿಂಚಣಿ ಅದಾಲತ್ ನಡೆಸಿದ್ದಾರೆ. 2022ರಲ್ಲಿ ಆರ್. ಅಶೋಕ ಕಂದಾಯ ಸಚಿವರಾಗಿದ್ದಾಗ 155245 ಎಂಬ ಸಂಖ್ಯೆಗೆ ಫೋನ್ ಮಾಡಿದರೆ 72 ಗಂಟೆಯಲ್ಲಿ ಪಿಂಚಣಿ ಮಂಜೂರು ಎಂದು ಸಾರಿದರು. ಅದಾಲತ್ ನಡೆದ ದಿನ ನಿಜಕ್ಕೂ ಕೆಲಸವಾಗುತ್ತದೆ. ಲೆಕ್ಕಿಗರು, ಇನ್ಸ್‌ಪೆಕ್ಟರು, ಕಂಪ್ಯೂಟರು ಒಂದೇ ಮರದ ಕೆಳಗೆ ಸಿಗುತ್ತವೆ, ಆದೇಶ ಪತ್ರ ಅಲ್ಲೇ ಕೈಗೆ ಬರುತ್ತದೆ. ಬ್ಯಾಂಕಿನವರನ್ನೂ ಕರೆದು ಅದೇ ಮರದ ಕೆಳಗೆ ಕೂರಿಸಿದರೆ ನಿಂತುಹೋದ ಪಿಂಚಣಿಗಳಲ್ಲಿ ಬಹುಪಾಲು ಅಂದೇ ಹೊರಡುತ್ತವೆ. ಯಾಕೆಂದರೆ ನಿಂತಿರುವುದು ಹಣವಿಲ್ಲದೆ ಅಲ್ಲ, ಯಾರ ತಪ್ಪೂ ಅಲ್ಲದ ಒಂದು ಅಕ್ಷರದಿಂದ. ಆಧಾರಿನಲ್ಲಿ ನಾರಾಯಣಮ್ಮ, ಪಾಸ್‌ಬುಕ್ಕಿನಲ್ಲಿ ನಾರಯಣಮ್ಮ. ತಾತಯ್ಯನ ಊರಿನಲ್ಲಿ ಮನೆಗೊಬ್ಬರಿಗೆ ಆ ಹೆಸರಿರುವುದರಿಂದ ಈ ದೀರ್ಘದ ಕಾಟ ಇಲ್ಲಿ ಸ್ವಲ್ಪ ಜಾಸ್ತಿಯೇ.

ಪಂಚಾಯತ್ ರಾಜ್ ಕಾಯ್ದೆಯಲ್ಲಿ ಇದಕ್ಕೊಂದು ಹಿಡಿ ಇದೆ, ಬಹಳ ಮಂದಿ ಮುಟ್ಟಿ ನೋಡಿಲ್ಲ. ಪಿಂಚಣಿಯಂಥ ಸರ್ಕಾರಿ ನೆರವು ಪಡೆಯುತ್ತಿರುವವರ ಅರ್ಹತೆಯನ್ನು ಪರಿಶೀಲಿಸುವುದು ವಾರ್ಡ್ ಸಭೆಯ ಕೆಲಸಗಳಲ್ಲಿ ಒಂದು. ಅನರ್ಹರನ್ನು ಹಿಡಿಯಲೆಂದು ಬರೆದ ಮಾತು ಅದು, ಇರಲಿ. ಅದೇ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಯಾರ ಹೆಸರು ಬರಲಿಲ್ಲ ಎಂಬುದೂ ಕೇಳಿಸುತ್ತದೆ. ಒಂದು ವಾರ್ಡಿನಲ್ಲಿ ನಲವತ್ತೋ ಐವತ್ತೋ ಹೆಸರು ಇದ್ದಾವು. ಓದುವವರು ಗ್ರಾಮ ಆಡಳಿತ ಅಧಿಕಾರಿ, ಬರೆದುಕೊಳ್ಳುವವರು ಪುನರ್ವಸತಿ ಕಾರ್ಯಕರ್ತ, ಹೌದೋ ಅಲ್ಲವೋ ಹೇಳುವವರು ಅಂಗನವಾಡಿ ಟೀಚರು ಮತ್ತು ಊರಿನವರು. ಅರ್ಧ ಗಂಟೆಯ ಕೆಲಸ, ಹೊಸ ಯೋಜನೆ ಬೇಡ, ಹೊಸ ಆ್ಯಪ್ ಬೇಡ. ಊಟದ ಸಾಲಿನಲ್ಲಿ ಪಿಂಚಣಿ ನಿಂತಿದೆ ಎಂದಿದ್ದ ಆ ಹೆಂಗಸಿಗೆ ಇದನ್ನು ಹೇಳಿದೆ. ಆಕೆ ಕೇಳಿಸಿಕೊಂಡು, "ಯಾವತ್ತಪ್ಪ ಸಭೆ ಮಾಡ್ತಾರೆ, ತಮಟೆ ಹೊಡಿಸ್ತಾರಾ?" ಎಂದು ಕೇಳಿದಳು. ತಮಟೆ ಹೊಡೆಸುವುದು ಈಗ ಕಡಿಮೆ, ವಾಟ್ಸ್ಆ್ಯಪ್‌ನಲ್ಲಿ ಹಾಕುತ್ತಾರೆ ಎಂದೆ.

"ಹಂಗಾದ್ರೆ ನನ್ ಮೊಮ್ಮಗನ ನಂಬರ್ ಬರ್ಕೊಂಡು ಅವ್ರಿಗೆ ಕೊಡು" ಎಂದು ಚೀಲ ಬಿಚ್ಚತೊಡಗಿದಳು.